ಹೊಳಪು ಬಣ್ಣದ ಸೀಸದ ಸಿಪಾಯಿಗಳು: ಸಂಗ್ರಾಹಕರ ಪ್ರಶ್ನೋತ್ತರ

ಹಳೆಯ ಆಟಿಕೆಗಳ ಸಂಗ್ರಹವನ್ನು ಕುರಿತು ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಲೋಹದ ಸಿಪಾಯಿ ಬೊಂಬೆಗಳಿಗೆ ಸಂಬಂಧಿಸಿದವು. ಅದರಲ್ಲೂ ಬ್ರಿಟನ್, ನ್ಯೂಜಿಲೆಂಡ್, ಅಮೆರಿಕಗಳಲ್ಲಿ 1970ರ ದಶಕದಿಂದೀಚೆಗೆ ಮನೆಯಲ್ಲೇ ಕುಳಿತು ಇಂಥ ಬೊಂಬೆಗಳನ್ನು ತಯಾರಿಸಿದ ಸಣ್ಣ ತಯಾರಕರ ಕೆಲಸದ ಬಗ್ಗೆ ಕುತೂಹಲ ಹೆಚ್ಚಿದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹಳೆಯ ಸಾಮಾನುಗಳ ಸಂತೆಯಲ್ಲಿ ಆರು ಸಿಪಾಯಿಗಳಿದ್ದ ಒಂದು ಕೆಂಪು ಪೆಟ್ಟಿಗೆ ಕೊಂಡೆ. ಮಾರುವವರು, ‘ಇವು ಬ್ರಿಟನ್ಸ್ ಕಂಪನಿಯವಲ್ಲ, 1980ರ ಸುಮಾರಿನ ಯಾರೋ ಸಣ್ಣ ತಯಾರಕರವು’ ಎಂದರು. ಹಾಗಿದ್ದರೆ ಇವುಗಳಿಗೆ ಬೆಲೆಯಿಲ್ಲವೆ? ನಿನ್ನೆ ಬಳಿದಂತೆ ಇಷ್ಟೊಂದು ಹೊಳೆಯುತ್ತಿರುವುದೇಕೆ?
– ನಿವೃತ್ತ ಉಪನ್ಯಾಸಕರು, ಧಾರವಾಡ

ಉತ್ತರ: ಬೆಲೆ ಖಂಡಿತ ಇದೆ. ಅದು ಯಾವ ಬಗೆಯ ಬೆಲೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಕ್ಕಳ ಕೈಗೆ ಬರುತ್ತಿದ್ದ ಲೋಹದ ಸಿಪಾಯಿಗಳಲ್ಲಿ ಬಹುಪಾಲು ಜರ್ಮನಿಯವು. ಒಳಗೆಲ್ಲ ಲೋಹ ತುಂಬಿದ ಗಟ್ಟಿ ಎರಕದ ಬೊಂಬೆಗಳಂತೂ ತೂಕದಲ್ಲೂ ಬೆಲೆಯಲ್ಲೂ ಭಾರಿಯಾಗಿದ್ದವು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬ (ಬ್ರಿಟನ್ಸ್ ಕಂಪನಿ ಇವರದೇ) ಟೊಳ್ಳು ಎರಕದ ವಿಧಾನವನ್ನು ಬಳಕೆಗೆ ತಂದಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಅಚ್ಚಿನ ಗೋಡೆಗೆ ತಾಗಿದ ತೆಳುಪದರ ಗಟ್ಟಿಯಾದ ಕೂಡಲೇ ಒಳಗೆ ಉಳಿದ ದ್ರವವನ್ನು ಹೊರಕ್ಕೆ ಬಗ್ಗಿಸಿಬಿಡುವ ಈ ವಿಧಾನದಿಂದ ಲೋಹ ಉಳಿಯಿತು, ತೂಕ ಇಳಿಯಿತು, ಜರ್ಮನಿಯವರಿಗಿಂತ ಅಗ್ಗವಾಗಿ ಮಾರಲು ಸಾಧ್ಯವಾಯಿತು. 54 ಮಿಲಿಮೀಟರ್ ಎತ್ತರ, ಹೊಳೆಯುವ ಬಣ್ಣ, ಕೆಂಪು ರಟ್ಟಿನ ಪೆಟ್ಟಿಗೆ – ಈ ಮೂರೂ ಮುಂದಿನ ಏಳು ದಶಕಗಳ ಕಾಲ ಆಟಿಕೆ ಸಿಪಾಯಿ ಎಂದರೆ ಹೀಗೇ ಇರಬೇಕು ಎಂಬ ರೂಢಿಯನ್ನು ನೆಲೆಗೊಳಿಸಿದವು. ಮಕ್ಕಳ ಆಟಿಕೆಗಳಲ್ಲಿ ಸೀಸದ ಬಳಕೆಯ ಮೇಲೆ ನಿರ್ಬಂಧ ಬಿಗಿಯಾಗುತ್ತ ಬಂದಂತೆ, ಪ್ಲಾಸ್ಟಿಕ್ಕಿನ ಅಗ್ಗದ ಬೊಂಬೆಗಳು ಅಂಗಡಿಗಳನ್ನು ತುಂಬಿದಂತೆ, 1966ರಲ್ಲಿ ಬ್ರಿಟನ್ಸ್ ಸೀಸದ ಸಿಪಾಯಿಗಳ ತಯಾರಿಕೆಯನ್ನು ನಿಲ್ಲಿಸಿತು.

ನಿಮ್ಮ ಪೆಟ್ಟಿಗೆಯ ಕಥೆ ಶುರುವಾಗುವುದು ಇಲ್ಲಿಂದ. ಚಿಕ್ಕಂದಿನಲ್ಲಿ ಆ ಸಿಪಾಯಿಗಳೊಡನೆ ಆಡಿ ಬೆಳೆದವರು ನಡುವಯಸ್ಸಿಗೆ ಬಂದಾಗ ಅವು ಅಂಗಡಿಯಲ್ಲಿ ಇರಲಿಲ್ಲ. ಹರಾಜಿನಲ್ಲಿ ಸಿಗುತ್ತಿದ್ದ ಹಳೆಯವುಗಳ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಆಗ ಕೆಲವರು ತಾವೇ ತಯಾರಿಸಲು ಮುಂದಾದರು. ಲಂಡನ್ನಿನ ಶೇಮಸ್ ವೇಡ್ 1970ರ ದಶಕದ ಮಧ್ಯದಲ್ಲಿ ‘ನಾಸ್ಟಾಲ್ಜಿಯಾ’ ಎಂಬ ಹೆಸರಿನಲ್ಲಿ 1850ರಿಂದ 1910ರವರೆಗಿನ ಬ್ರಿಟಿಷ್ ಸಾಮ್ರಾಜ್ಯದ ಪಡೆಗಳನ್ನು, ಅದರಲ್ಲೂ ದೊಡ್ಡ ಕಂಪನಿ ಎಂದೂ ಮುಟ್ಟದಿದ್ದ ಅಪರೂಪದ ಪಡೆಗಳನ್ನು ಹೊರತಂದರು. ವೇಲ್ಸ್‌ನ ಪೆನಾರ್ತ್ ಊರಿನ ‘ಟ್ರೋಫಿ’ ಜುಲು ಯುದ್ಧ ಮತ್ತು ಸೂಡಾನ್ ಯುದ್ಧಗಳ ಸಿಪಾಯಿಗಳಿಗೆ ಹೆಸರಾಯಿತು. ಹ್ಯಾಂಪ್‌ಷೈರಿನ ಈಸ್ಟ್‌ಲೀಯ ‘ಡ್ಯೂಕಲ್’ ಅರಮನೆಯ ಕಾವಲು ಪಡೆ ಮತ್ತು ವಾದ್ಯವೃಂದಗಳನ್ನು ಮಾಡಿತು. ‘ಮಾರ್ಲ್‌ಬರೊ’ ಎಂಬ ಸಣ್ಣ ತಯಾರಕರು 1903ರ ದೆಹಲಿ ದರ್ಬಾರಿನ ಮೆರವಣಿಗೆಯನ್ನೇ ಆನೆ ಅಂಬಾರಿಗಳೊಡನೆ ಎರಕ ಹೊಯ್ದು ನಿಲ್ಲಿಸಿದರು. ನ್ಯೂಜಿಲೆಂಡಿನ ಗ್ರೇಟೌನ್ ಎಂಬ ಪುಟ್ಟ ಊರಿನಲ್ಲಿ ‘ಇಂಪೀರಿಯಲ್ ಪ್ರೊಡಕ್ಷನ್ಸ್’, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಹಾಕರ್ ಇದೇ ದಾರಿಯಲ್ಲಿ ನಡೆದರು. ಇಂಥ ತಯಾರಕರಲ್ಲಿ ಎಷ್ಟೋ ಮಂದಿಗೆ ಕಾರ್ಖಾನೆಯೆಂಬುದೇ ಇರಲಿಲ್ಲ. ಗಂಡ ಎರಕ ಹೊಯ್ದರೆ ಹೆಂಡತಿ ಬಣ್ಣ ಬಳಿಯುವ, ಕೆಲಸ ಹೆಚ್ಚಾದಾಗ ನೆರೆಮನೆಯವರಿಗೆ ಬೊಂಬೆಯ ಲೆಕ್ಕದಲ್ಲಿ ಕೂಲಿ ಕೊಟ್ಟು ಬಳಿಸುವ ಮಟ್ಟದ ಗೃಹೋದ್ಯಮಗಳು ಅವು.

ಅವರಿಗೆ ಇದು ಸಾಧ್ಯವಾದದ್ದು ಅಚ್ಚಿನ ವಿಧಾನ ಬದಲಾದುದರಿಂದ. ಬ್ರಿಟನ್ಸ್ ಬಳಸುತ್ತಿದ್ದ ಲೋಹದ ಅಚ್ಚನ್ನು ಕೆತ್ತಿಸಲು ನುರಿತ ಕುಶಲಕರ್ಮಿಯೂ ಬಂಡವಾಳವೂ ಬೇಕಿತ್ತು. ರಬ್ಬರಿನ ಬಿಲ್ಲೆಗಳ ನಡುವೆ ಮೂಲ ಬೊಂಬೆಯನ್ನು ಇಟ್ಟು, ಶಾಖ ಮತ್ತು ಒತ್ತಡ ಕೊಟ್ಟು ಅಚ್ಚು ತೆಗೆದು, ಅದನ್ನು ಯಂತ್ರದ ಮೇಲೆ ಗಿರಗಿರನೆ ತಿರುಗಿಸುತ್ತ ನಡುವಿನಿಂದ ಲೋಹ ಹೊಯ್ಯುವ ವಿಧಾನ ಅಗ್ಗವಾದದ್ದು. ನೂರಿನ್ನೂರು ಬೊಂಬೆಗಳಷ್ಟೇ ಮಾರಾಟವಾದರೂ ಹಾಕಿದ ಹಣ ಹಿಂದಕ್ಕೆ ಬರುತ್ತದೆ. ಹಾಗಾಗಿಯೇ ದೊಡ್ಡ ಕಂಪನಿಗೆ ಲಾಭವಾಗದ, ಹತ್ತಾರು ಮಂದಿಗೆ ಮಾತ್ರ ಆಸಕ್ತಿಯಿರುವ ಒಂದು ಸಣ್ಣ ಸಂಸ್ಥಾನದ ಪಡೆಯನ್ನೂ ಮನೆಯ ತಯಾರಕರು ಮಾಡಬಲ್ಲವರಾದರು. ಹಳೆಯ ಸಿಪಾಯಿಗಳಿಗೂ ಇವಕ್ಕೂ ನಡುವಿನ ಮುಖ್ಯ ವ್ಯತ್ಯಾಸವೂ ಇದರಿಂದಲೇ ಬಂದದ್ದು: ಇವು ಸಾಮಾನ್ಯವಾಗಿ ಟೊಳ್ಳಲ್ಲ, ಗಟ್ಟಿ ಎರಕದವು.

ಹೊಳಪಿನ ವಿಷಯಕ್ಕೆ ಬಂದರೆ, ಅದು ತಯಾರಕರು ತಿಳಿದೇ ಮಾಡಿದ ಆಯ್ಕೆ. ಅದೇ ಕಾಲದಲ್ಲಿ ಯುದ್ಧದ ಮಾದರಿ ಬೊಂಬೆಗಳನ್ನು ಮಾಡುವ ಇನ್ನೊಂದು ಪಂಥ ಬಲವಾಗಿ ಬೆಳೆದಿತ್ತು. ಅವರು ಹೊಳಪಿಲ್ಲದ ಬಣ್ಣ ಬಳಸಿ, ಬಟ್ಟೆಯ ಮಡಿಕೆಗೆ ನೆರಳು, ಬೂಟಿಗೆ ಕೆಸರು, ಮುಖಕ್ಕೆ ಸುಕ್ಕು ಬರೆದು ಸಿಪಾಯಿಯನ್ನು ನಿಜವಾದ ಮನುಷ್ಯನಂತೆ ತೋರಿಸುತ್ತಿದ್ದರು. ಮನೆಯ ತಯಾರಕರು ಅದಕ್ಕೆ ಬೆನ್ನು ತಿರುಗಿಸಿ, ನೆರಳಿಲ್ಲದ ಅಪ್ಪಟ ಕೆಂಪು, ಅಪ್ಪಟ ನೀಲಿ, ಎರಡು ಚುಕ್ಕೆಯ ಕಣ್ಣು, ಕೆನ್ನೆಗೊಂದು ಗುಲಾಬಿ ಬೊಟ್ಟು – ಇಷ್ಟನ್ನೇ ಉಳಿಸಿಕೊಂಡರು. ಆಟಿಕೆ ಆಟಿಕೆಯಂತೆಯೇ ಕಾಣಬೇಕು ಎಂಬ ನಿಲುವು ಅವರದು. ಸಾಲಾಗಿ ನಿಲ್ಲಿಸಿದಾಗ ಬೆಳಕು ಒಂದೊಂದು ಭುಜದ ಮೇಲೂ ಒಂದೇ ಜಾಗದಲ್ಲಿ ಮಿನುಗುವುದನ್ನು ನೋಡಿದವರಿಗೆ ಆ ನಿಲುವಿನ ಸರಿತನ ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ಗುಜರಿ ವ್ಯಾಪಾರಿಯೊಬ್ಬರಿಂದ ಬಿಡಿಬಿಡಿಯಾಗಿ ಕೊಂಡ ಇಪ್ಪತ್ತಕ್ಕೂ ಹೆಚ್ಚು ಸಿಪಾಯಿಗಳು ನನ್ನಲ್ಲಿವೆ. ಪೆಟ್ಟಿಗೆ ಇಲ್ಲ. ಯಾವುದು ಹಳೆಯದು, ಯಾವುದು ಈಚಿನದು ಎಂದು ಗುರುತಿಸುವುದು ಹೇಗೆ?
– ಅಂಚೆ ಇಲಾಖೆಯ ನೌಕರರು, ದಾವಣಗೆರೆ

ಉತ್ತರ: ಮೊದಲು ಅಂಗೈಯಲ್ಲಿಟ್ಟು ತೂಕ ನೋಡಿ. ಒಂದೇ ಎತ್ತರದ ಎರಡು ಬೊಂಬೆಗಳಲ್ಲಿ ಟೊಳ್ಳು ಎರಕದ್ದು ಸ್ಪಷ್ಟವಾಗಿ ಹಗುರವಾಗಿರುತ್ತದೆ. ಲೋಹ ಹೊರಗೆ ಬಗ್ಗಿಸಿದ ಸಣ್ಣ ತೂತು ತಲೆಯ ಮೇಲೋ ಪಾದಪೀಠದ ಕೆಳಗೋ ಸಿಗುತ್ತದೆ. ಅನಂತರ ಪೀಠವನ್ನು ತಿರುವಿ ನೋಡಿ. ಬ್ರಿಟನ್ಸ್ ಬೊಂಬೆಗಳ ಮೇಲೆ ಕಂಪನಿಯ ಹೆಸರಿನ ಜೊತೆಗೆ ಕೆಲವೊಮ್ಮೆ ಒಂದು ತಾರೀಖು ಇರುವುದುಂಟು. ಅದು ಆ ವಿನ್ಯಾಸದ ಹಕ್ಕನ್ನು ಕಾಯ್ದಿರಿಸಿದ ದಿನವೇ ಹೊರತು ನಿಮ್ಮ ಕೈಯಲ್ಲಿರುವ ಬೊಂಬೆ ತಯಾರಾದ ದಿನವಲ್ಲ. 1900ರ ಆಸುಪಾಸಿನ ತಾರೀಖಿರುವ ಅಚ್ಚಿನಿಂದ ದಶಕಗಳ ತರುವಾಯವೂ ಬೊಂಬೆ ತೆಗೆದಿದ್ದಾರೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಹೆಚ್ಚು ಹಣ ತೆತ್ತವರು ಬಹಳ ಮಂದಿ.

ಮನೆಯ ತಯಾರಕರ ಬೊಂಬೆಗಳಲ್ಲಿ ಗುರುತು ಹಿಡಿಯುವುದು ಇದಕ್ಕಿಂತ ಕಷ್ಟ. ಕೆಲವರು ಪೀಠದ ಕೆಳಗೆ ಹೆಸರನ್ನೋ ಅಕ್ಷರಗಳನ್ನೋ ಅಚ್ಚಿನಲ್ಲೇ ಮೂಡಿಸಿದ್ದಾರೆ, ಕೆಲವರು ಕಾಗದದ ಚೀಟಿ ಅಂಟಿಸಿದ್ದಾರೆ, ಕೆಲವರು ಏನನ್ನೂ ಮಾಡಿಲ್ಲ. ಗುರುತಿಲ್ಲದ ಬೊಂಬೆಯ ತಯಾರಕರನ್ನು ತಿಳಿಯಲು ಉಳಿದಿರುವ ಏಕೈಕ ಆಧಾರ ಎಷ್ಟೋ ಸಲ ಪೆಟ್ಟಿಗೆಯ ಮುಚ್ಚಳದ ಚೀಟಿ ಮತ್ತು ಆ ಕಾಲದಲ್ಲಿ ಅವರು ಗಿರಾಕಿಗಳಿಗೆ ಕಳಿಸುತ್ತಿದ್ದ, ಸೈಕ್ಲೋಸ್ಟೈಲ್ ಮಾಡಿದ ಒಂದೆರಡು ಹಾಳೆಯ ಬೆಲೆಪಟ್ಟಿ. ಅವುಗಳನ್ನು ರದ್ದಿಯೆಂದು ಎಸೆಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ದೊಡ್ಡ ಕಂಪನಿಯ ಇತಿಹಾಸವನ್ನು ಬರೆಯಲು ಕಡತಗಳಿವೆ, ಮುದ್ರಿತ ಕ್ಯಾಟಲಾಗುಗಳಿವೆ. ಮನೆಯ ತಯಾರಕರೊಬ್ಬರು ತೀರಿಕೊಂಡು, ಅಚ್ಚುಗಳು ಯಾರ ಯಾರದೋ ಕೈಸೇರಿದ ಮೇಲೆ ಅವರು ಏನೇನು ಮಾಡಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಉಳಿಯುವುದು ಆ ಬೊಂಬೆ, ಆ ಪೆಟ್ಟಿಗೆ, ಆ ಹಾಳೆ – ಇಷ್ಟೇ. ಆದ್ದರಿಂದ ಈಗಲೇ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಬೊಂಬೆಗೂ ಎತ್ತರ, ತೂಕ, ಪೀಠದ ಆಕಾರ, ಗುರುತು, ಕೊಂಡ ಜಾಗ, ಮಾರಿದವರು ಹೇಳಿದ ಮಾತು ಎಲ್ಲವನ್ನೂ ಬರೆದಿಡಿ. ಪೀಠದ ಕೆಳಭಾಗದ ಚಿತ್ರವನ್ನು ತಪ್ಪದೆ ತೆಗೆಯಿರಿ. ಒಂದೇ ಬಗೆಯ ಪೀಠ, ಒಂದೇ ಬಗೆಯ ಕಣ್ಣಿನ ಚುಕ್ಕೆ ಇರುವ ಬೊಂಬೆಗಳನ್ನು ಒಟ್ಟಿಗೆ ನಿಲ್ಲಿಸುತ್ತ ಹೋದರೆ ಅವು ತಾವಾಗಿ ಮೂರೋ ನಾಲ್ಕೋ ಗುಂಪುಗಳಾಗಿ ಬೇರೆಯಾಗುವುದನ್ನು ನೀವೇ ಕಾಣುವಿರಿ.

ಪ್ರಶ್ನೆ: ಮಳೆಗಾಲ ಮುಗಿದ ಮೇಲೆ ಬೀರು ತೆರೆದು ನೋಡಿದರೆ ಕೆಲವು ಸಿಪಾಯಿಗಳ ಕಾಲಿನ ಬಳಿ ಬೂದಿಯಂಥ ಬಿಳಿ ಪುಡಿ ಕಾಣಿಸಿಕೊಂಡಿದೆ, ಬಣ್ಣ ಉಬ್ಬಿ ಏಳುತ್ತಿದೆ. ಇದು ಬೂಷ್ಟೇ? ಬಿಸಿಲಿಗೆ ಇಡಬಹುದೇ?
– ಗೃಹಿಣಿ, ಉಡುಪಿ

ಉತ್ತರ: ಇದು ಬೂಷ್ಟಲ್ಲ. ದಯವಿಟ್ಟು ಆ ಪುಡಿಯನ್ನು ಬರಿಗೈಯಿಂದ ಒರೆಸಬೇಡಿ, ಬಾಯಿಂದ ಊದಬೇಡಿ. ಅದು ಸೀಸದ ಕಾರ್ಬೊನೇಟ್, ದೇಹದೊಳಗೆ ಹೋದರೆ ವಿಷ. ಮನೆಯಲ್ಲಿ ಮಕ್ಕಳಿದ್ದರೆ ಈ ಬೊಂಬೆಗಳು ಅವರ ಕೈಗೆ ಎಟುಕದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೊದಲ ಕೆಲಸ. ದೊಡ್ಡವರೂ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಇದಕ್ಕೆ ಸಂಗ್ರಾಹಕರು ಸೀಸದ ರೋಗ ಎನ್ನುತ್ತಾರೆ. ಗಾಳಿಯ ತೇವದ ಜೊತೆಗೆ ಅಸಿಟಿಕ್ ಆಮ್ಲದಂಥ ಆವಿ, ಅಂದರೆ ವಿನೆಗರಿನಲ್ಲಿರುವ ಆಮ್ಲದ ಆವಿ, ಸೇರಿದಾಗ ಅದು ಸೀಸವನ್ನು ತಿನ್ನಲು ತೊಡಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಅದನ್ನು ಬಿಳಿಯ ಕಾರ್ಬೊನೇಟಾಗಿ ಮಾರ್ಪಡಿಸುತ್ತದೆ, ಆ ಕ್ರಿಯೆಯಲ್ಲಿ ಆಮ್ಲ ಮತ್ತೆ ಬಿಡುಗಡೆಯಾಗಿ ಇನ್ನಷ್ಟು ಸೀಸವನ್ನು ತಿನ್ನುತ್ತದೆ. ಹಿಂದೆ ಯುರೋಪಿನಲ್ಲಿ ಬಿಳಿ ಬಣ್ಣಕ್ಕೆ ಬೇಕಾದ ಸಫೇದವನ್ನು ಇದೇ ಕ್ರಿಯೆಯಿಂದ, ಸೀಸದ ತಗಡನ್ನು ವಿನೆಗರಿನ ಆವಿಗೆ ಒಡ್ಡಿ ತಯಾರಿಸುತ್ತಿದ್ದರು. ಬಯಸಿ ಮಾಡುತ್ತಿದ್ದ ಆ ಕೆಲಸ ನಿಮ್ಮ ಬೀರುವಿನೊಳಗೆ ಬೇಡದೆಯೇ ನಡೆಯುತ್ತಿದೆ.

ಹಾಗಾದರೆ ಆಮ್ಲ ಎಲ್ಲಿಂದ ಬರುತ್ತದೆ? ಬಹುಪಾಲು ಬೀರುವಿನಿಂದಲೇ. ಓಕ್ ಮರ, ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಹಲಗೆ, ಹೊಸ ಪ್ಲೈವುಡ್ಡಿನ ಅಂಟು, ಅಗ್ಗದ ರಟ್ಟು, ಸುದ್ದಿಪತ್ರಿಕೆಯ ಕಾಗದ ಇವೆಲ್ಲ ಸದಾ ಅಲ್ಪಸ್ವಲ್ಪ ಆಮ್ಲದ ಆವಿ ಬಿಡುತ್ತಿರುತ್ತವೆ. ಗಾಜಿನ ಪೆಟ್ಟಿಗೆ ಮಾಡಿಸುವವರು ಇನ್ನೊಂದನ್ನು ಗಮನಿಸಬೇಕು. ಗಾಜಿನ ಅಂಚುಗಳನ್ನು ಕೂಡಿಸಲು ಬಳಸುವ ಸಿಲಿಕೋನ್ ಅಂಟುಗಳಲ್ಲಿ ಒಂದು ಬಗೆಯದು ಒಣಗುವಾಗ ಘಾಟಾಗಿ ವಿನೆಗರಿನ ವಾಸನೆ ಬಿಡುತ್ತದೆ. ಅದು ಅಸಿಟಿಕ್ ಆಮ್ಲವೇ. ಅಂಥ ಪೆಟ್ಟಿಗೆಯನ್ನು ವಾಸನೆ ಪೂರ್ತಿ ಹೋಗುವವರೆಗೆ ವಾರಗಟ್ಟಲೆ ತೆರೆದಿಟ್ಟ ಬಳಿಕವೇ ಬಳಸಬೇಕು.

ಬಿಸಿಲಿಗೆ ಇಡಬೇಡಿ, ಬಣ್ಣ ಮಾಸುತ್ತದೆ. ಪುಡಿ ಕಂಡ ಬೊಂಬೆಗಳನ್ನು ಕೈಗವಸು ಹಾಕಿಕೊಂಡು ಬೇರೆ ಮಾಡಿ, ಒದ್ದೆ ಹತ್ತಿಯ ತುದಿಯಿಂದ ಪುಡಿಯನ್ನು ಮೆಲ್ಲಗೆ ಎತ್ತಿ, ಆ ಹತ್ತಿಯನ್ನು ಚೀಲದಲ್ಲಿ ಕಟ್ಟಿ, ಮನೆಯ ಮಾಮೂಲು ಕಸದೊಡನೆ ಬೆರೆಸದೆ ಅಪಾಯಕಾರಿ ಕಸದ ಜೊತೆ ಕೊಡಿ. ಬೊಂಬೆಯನ್ನು ಚೆನ್ನಾಗಿ ಒಣಗಿಸಿ. ಉಬ್ಬಿದ ಬಣ್ಣವನ್ನು ಕೆರೆಯಲು ಹೋಗಬೇಡಿ. ಅನಂತರ ಎಲ್ಲವನ್ನೂ ಬಣ್ಣ ಸುಟ್ಟು ಗಟ್ಟಿ ಮಾಡಿದ ಉಕ್ಕಿನ ಬೀರುವಿಗೋ ಉಕ್ಕು ಮತ್ತು ಗಾಜಿನ ಕಪಾಟಿಗೋ ಸ್ಥಳಾಂತರಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಒಂದು ತೇವಮಾಪಕವನ್ನೂ ಇಡಿ. ತೇವ ಶೇ 50ನ್ನು ಮೀರದಂತೆ ನೋಡಿಕೊಂಡರೆ ರೋಗ ಮುಂದುವರಿಯುವ ವೇಗ ಬಹಳ ತಗ್ಗುತ್ತದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಸುಲಭವಲ್ಲ; ಜೆಲ್ಲನ್ನು ಆಗಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುತ್ತಲೇ ಇರಬೇಕಾಗುತ್ತದೆ. ಬೀರುವಿನಲ್ಲಿ ನುಸಿಗುಳಿಗೆ, ಕರ್ಪೂರ ಇಡುವ ರೂಢಿ ನಮ್ಮ ಮನೆಗಳಲ್ಲಿದೆ. ಅವುಗಳ ಆವಿ ಬಣ್ಣಕ್ಕೆ ಒಳ್ಳೆಯದಲ್ಲ, ಇಡಬೇಡಿ.

ಇದನ್ನು ತವರದ ರೋಗ ಎಂದು ಹೆದರಿಸುವವರಿದ್ದಾರೆ. ಅದು ಬೇರೆ. ಶುದ್ಧ ತವರ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಬಹುಕಾಲ ಇದ್ದರೆ ಪುಡಿಯಾಗುವ ವಿದ್ಯಮಾನ ಅದು. ಸೀಸ, ಆಂಟಿಮನಿ ಬೆರೆತ ಬೊಂಬೆಗೆ, ಅದೂ ಉಡುಪಿಯ ಸೆಖೆಯಲ್ಲಿ, ಅದರ ಭಯವಿಲ್ಲ.

ಪ್ರಶ್ನೆ: ಸಣ್ಣ ತಯಾರಕರದ್ದೆನ್ನಲಾದ ಭಾರತೀಯ ಅಶ್ವಸೈನಿಕರ ಆರು ಬೊಂಬೆಗಳು ನನ್ನಲ್ಲಿವೆ. ಅಲ್ಲಲ್ಲಿ ಬಣ್ಣ ಚಕ್ಕೆಯೆದ್ದಿದೆ, ಒಬ್ಬನ ಈಟಿ ಮುರಿದಿದೆ. ನಾನು ಚಿತ್ರಕಲಾ ಶಿಕ್ಷಕ. ಚೆನ್ನಾಗಿ ಹೊಸ ಬಣ್ಣ ಬಳಿದರೆ ಬೆಲೆ ಹೆಚ್ಚುವುದಿಲ್ಲವೆ?
– ಶಿಕ್ಷಕರು, ಶಿವಮೊಗ್ಗ

ಉತ್ತರ: ನಿಮ್ಮ ಕೈಚಳಕದ ಬಗ್ಗೆ ಎಳ್ಳಷ್ಟೂ ಸಂದೇಹವಿಲ್ಲದೆ ಹೇಳುತ್ತೇವೆ: ಬಳಿಯಬೇಡಿ. ನಮ್ಮ ಅಭಿಪ್ರಾಯದಲ್ಲಿ ಈ ಹವ್ಯಾಸದ ಅತಿ ಮುಖ್ಯವಾದ ನಿಯಮ ಇದೊಂದೇ.

ನೀವು ಕಳಿಸಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆವು. ಸವಾರರ ನಡುಪಟ್ಟಿಗಳ ಮೇಲಿನ ಹಳದಿ ಗೆರೆಯನ್ನು ಗಮನಿಸಿ. ಪ್ರತಿಯೊಂದೂ ಎಡಗಡೆಯಿಂದ ಒಂದೇ ಬೀಸಿನಲ್ಲಿ ಶುರುವಾಗಿ, ಬಲಬದಿಯಲ್ಲಿ ಕುಂಚ ಎತ್ತಿದ ಜಾಗದಲ್ಲಿ ಬಣ್ಣ ಚೂರು ದಪ್ಪವಾಗಿ, ಸಾಸಿವೆಗಿಂತಲೂ ಸಣ್ಣದಾದ ಹನಿಯಾಗಿ ನಿಂತಿದೆ. ಆರರಲ್ಲೂ ಹಾಗೆಯೇ. ಪೇಟದ ನೀಲಿ ಪಟ್ಟಿಗಳು ಮಾತ್ರ ಎಲ್ಲರಿಗೂ ಒಂದೇ ರೀತಿಯಲ್ಲ: ಮೊದಲ ಮೂವರಿಗೆ ಮೂರು ಪಟ್ಟಿ, ಉಳಿದವರಿಗೆ ಎರಡು. ಕುದುರೆಗಳ ಲಗಾಮಿನ ಕಪ್ಪು ಗೆರೆ ಬೇರೆಯೇ ಕೈಯದು ಎಂಬಂತೆ ಅಂಕುಡೊಂಕಾಗಿದೆ. ಸವಾರರನ್ನು ಒಬ್ಬರು, ಕುದುರೆಗಳನ್ನು ಇನ್ನೊಬ್ಬರು ಬಳಿದಿರಬೇಕೆಂದು ಊಹಿಸಲು ಇಷ್ಟು ಸಾಕು. ಈ ಬೊಂಬೆಗಳನ್ನು ಮಾಡಿದವರ ಸಹಿ ಎಲ್ಲಾದರೂ ಇದ್ದರೆ ಅದು ಆ ಹಳದಿ ಹನಿಯಲ್ಲಿದೆ. ಅದರ ಮೇಲೆ ಇನ್ನೊಂದು ಪದರ ಬಳಿದರೆ ಬೊಂಬೆ ಅಂದವಾಗಬಹುದು, ಆದರೆ ಅದು ಅವರದಾಗಿ ಉಳಿಯುವುದಿಲ್ಲ. ಮುಂದೆ ಕೊಳ್ಳುವ ಅನುಭವಿಯೂ ಅದನ್ನು ಖಾಲಿ ಎರಕದ ಬೆಲೆಗೆ ಕೇಳುತ್ತಾನೆ.

ಚಕ್ಕೆ ಎದ್ದ ಜಾಗವನ್ನು ಹಾಗೆಯೇ ಬಿಡಿ. ಧೂಳನ್ನು ಮೃದುವಾದ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ತೆಗೆಯಿರಿ. ತೀರ ಅಂಟಿದ ಕೊಳೆಗೆ ನೀರಲ್ಲಿ ಅದ್ದಿ ಹಿಂಡಿದ ಹತ್ತಿ ಸಾಕು. ಥಿನ್ನರ್, ಸ್ಪಿರಿಟ್, ಹಿತ್ತಾಳೆ ಪಾಲಿಷ್, ಕೊಬ್ಬರಿ ಎಣ್ಣೆ ಇವು ಯಾವುವೂ ಬೇಡ. ಬಿಳಿ ಪಟ್ಟಿಗಳು ಹಳದಿಗೆ ತಿರುಗಿದ್ದರೆ ಅದು ಕೊಳೆಯಲ್ಲ. ಕೆಲವು ತಯಾರಕರು ಹೊಳಪಿನ ಎನಾಮೆಲ್ಲನ್ನೇ ಬಳಸಿದರೆ, ಕೆಲವರು ಸಾದಾ ಬಣ್ಣ ಬಳಿದು ಮೇಲೆ ಹೊಳಪಿನ ವಾರ್ನಿಷ್ ಕೊಡುತ್ತಿದ್ದರು; ಆ ವಾರ್ನಿಷ್ ವಯಸ್ಸಾದಂತೆ ಹಳದಿಯಾಗುತ್ತದೆ. ಹಾಗಾಗಿದ್ದರೆ ನಿಮ್ಮವು ಎರಡನೆಯ ಬಗೆಯವು ಇರಬಹುದು.

ಮುರಿದ ಈಟಿಯ ವಿಷಯ ಬೇರೆ. ತುಂಡು ಇದ್ದರೆ ಮುಂದೆ ಬೇಕೆಂದಾಗ ಬಿಡಿಸಬಹುದಾದ ಅಂಟಿನಿಂದ ಕೂಡಿಸಬಹುದು. ಇಲ್ಲವಾದರೆ ಇಂಗ್ಲೆಂಡಿನ ‘ಡಾರ್ಸೆಟ್ ಸೋಲ್ಜರ್ಸ್’ ಮೊದಲಾದವರು ರಿಪೇರಿಗೆಂದೇ ಬಿಡಿ ತಲೆ, ತೋಳು, ಆಯುಧಗಳನ್ನು ಎರಕ ಹೊಯ್ದು ಮಾರುತ್ತ ಬಂದಿದ್ದಾರೆ. ಹೊಸ ಈಟಿ ಹಾಕಿಸಿದರೆ ಆ ಸಂಗತಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮಾರುವಾಗ ಕೊಳ್ಳುವವರಿಗೆ ತಿಳಿಸಿ. ಬಗ್ಗಿದ ಕತ್ತಿ, ಬಯೊನೆಟ್ಟುಗಳನ್ನು ನೇರ ಮಾಡುವ ಆಸೆಯನ್ನು ಮಾತ್ರ ಬಿಡಿ. ಆಂಟಿಮನಿ ಬೆರೆತ ಮಿಶ್ರಲೋಹ ಸಲೀಸಾಗಿ ಬಾಗದೆ ಮುರಿದುಹೋಗಬಹುದು.

ಪ್ರಶ್ನೆ: ಮೈಸೂರು ಲ್ಯಾನ್ಸರ್ಸ್ ಎಂಬ ಈಟಿಧಾರಿ ಅಶ್ವಪಡೆಯ ಬೊಂಬೆಗಳು ಸಿಗುತ್ತವೆಯೇ?
– ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಪ್ರಶ್ನೆ ಸಂತೋಷ ತಂದಿತು. 1918ರ ಸೆಪ್ಟೆಂಬರ್ 23ರಂದು, ಇಂದು ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಜೋಧಪುರದ ಸವಾರರ ಜೊತೆ ಮೈಸೂರಿನ ಸವಾರರೂ ಇದ್ದರು. ಕಾರ್ಮೆಲ್ ಬೆಟ್ಟವನ್ನು ಹತ್ತಿ ಅಲ್ಲಿನ ಫಿರಂಗಿಗಳನ್ನು ವಶಪಡಿಸಿಕೊಂಡವರು ಮೈಸೂರಿನವರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಉಳಿದೆರಡು ಹೈದರಾಬಾದ್ ಮತ್ತು ಜೋಧಪುರದವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಈ ಪಡೆಯ ಸ್ಮಾರಕವಿದೆ.

ಬ್ರಿಟನ್ಸ್ ಕಂಪನಿ ತನ್ನ ಮೊದಲ ದಶಕಗಳಲ್ಲೇ ಬಂಗಾಳ, ಮದ್ರಾಸ್, ಬೊಂಬಾಯಿಗಳ ಅಶ್ವದಳ ಮತ್ತು ಕಾಲಾಳುಗಳನ್ನು ಮಾಡಿತ್ತು. ಅವುಗಳ ಪಟ್ಟಿಯಲ್ಲಿ ಮದ್ರಾಸಿನ ಲಘು ಅಶ್ವದಳವೂ ಮದ್ರಾಸಿನ ಕಾಲಾಳು ಪಡೆಯೂ ಸೇರಿದ್ದವು. ಸಂಸ್ಥಾನಗಳ ಪಡೆಗಳ ಕಡೆಗೆ ಹೆಚ್ಚು ಗಮನ ಹರಿಸಿದವರು ಮನೆಯ ತಯಾರಕರು. ಅವರ ಪಟ್ಟಿಗಳಲ್ಲೇ ಹುಡುಕಬೇಕು. ಆದರೆ ‘ಮೈಸೂರು’ ಎಂಬ ಹೆಸರು ಕಂಡ ಕೂಡಲೇ ಕೊಳ್ಳಬೇಡಿ. ಭಾರತೀಯ ಲ್ಯಾನ್ಸರ್ ಬೊಂಬೆಗಳೆಲ್ಲ ಮೈಕಟ್ಟಿನಲ್ಲಿ ಬಹುಪಾಲು ಒಂದೇ. ಪೇಟ, ಅಂಗಿ, ನಡುಪಟ್ಟಿಗಳ ಬಣ್ಣ ಬದಲಿಸಿದರೆ ಬಂಗಾಳದ ಸವಾರ ಮೈಸೂರಿನವನಾಗುತ್ತಾನೆ. ಮೂಲ ತಯಾರಕರೇ ಹಾಗೆ ಬಳಿದಿದ್ದರೆ ಅದು ಸರಿಯಾದ ಬೊಂಬೆ, ನಡುವೆ ಬಂದ ವ್ಯಾಪಾರಿ ಬಳಿದಿದ್ದರೆ ಅಲ್ಲ. ಪೀಠದ ಗುರುತನ್ನೂ ಪೆಟ್ಟಿಗೆಯ ಚೀಟಿಯನ್ನೂ ಕೇಳಿ. ಗೀಚು ಬಿದ್ದ ಕಡೆ ಕೆಳಗಿನಿಂದ ಇನ್ನೊಂದು ಬಣ್ಣ ಇಣುಕುತ್ತಿದೆಯೇ ನೋಡಿ. ವಿದ್ಯಾರ್ಥಿಯಾಗಿರುವುದರಿಂದ ಒಂದು ಸಲಹೆ: ಪಡೆಗಳ ಹಿಂದೆ ಓಡುವ ಬದಲು ಒಬ್ಬ ತಯಾರಕರನ್ನು ಆರಿಸಿಕೊಂಡು ಅವರ ಕೆಲಸವನ್ನಷ್ಟೇ ಕೂಡಿಸಿ. ಖರ್ಚು ಹಿಡಿತದಲ್ಲಿರುತ್ತದೆ, ಕಣ್ಣು ಬೇಗ ಪಳಗುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಬ್ರಿಟನ್ಸ್ ಸಿಪಾಯಿಗಳನ್ನು ಲಂಡನ್ನಿನ ಹರಾಜಿಗೆ ಕಳಿಸಿ, ಬಂದ ಹಣದಲ್ಲಿ ಅಲ್ಲಿಂದಲೇ ಸಣ್ಣ ತಯಾರಕರ ಪೆಟ್ಟಿಗೆಗಳನ್ನು ತರಿಸಬೇಕೆಂದಿದ್ದೇನೆ. ಅಡ್ಡಿಯುಂಟೇ?
– ಓದುಗರು, ಬೆಂಗಳೂರು

ಉತ್ತರ: ಕಳಿಸುವ ಮುನ್ನ ವಯಸ್ಸು ಖಚಿತಪಡಿಸಿಕೊಳ್ಳಿ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯಂತೆ ನೂರು ವರ್ಷ ತುಂಬಿದ ವಸ್ತುಗಳು ಪುರಾತನ ವಸ್ತುವೆನಿಸಿಕೊಳ್ಳಬಹುದು, ಅಂಥವನ್ನು ಖಾಸಗಿಯವರು ದೇಶದ ಹೊರಕ್ಕೆ ಕಳಿಸುವಂತಿಲ್ಲ. ಅದು ಇಂಗ್ಲೆಂಡಿನಲ್ಲಿ ತಯಾರಾದದ್ದು ಎಂಬ ಕಾರಣಕ್ಕೆ ವಿನಾಯಿತಿ ಸಿಗುತ್ತದೆಂದು ಭಾವಿಸಬೇಡಿ. ವಯಸ್ಸು ನೂರರ ಒಳಗಿದೆ ಎನಿಸಿದರೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದು ಕಳಿಸುವುದು ಕ್ಷೇಮ.

ತರಿಸುವಾಗ ತೊಂದರೆ ಬೇರೆ ಬಗೆಯದು. ಆಟಿಕೆಗಳ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ ಶೇ 60ಕ್ಕೂ 2023ರಲ್ಲಿ ಶೇ 70ಕ್ಕೂ ಏರಿಸಲಾಯಿತು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿ.ಐ.ಎಸ್.) ಗುರುತು 2021ರಿಂದ ಕಡ್ಡಾಯವಾಯಿತು. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗಬಹುದಾದ ಕಾರಣ ಕೊಳ್ಳುವ ದಿನದ ದರವನ್ನೇ ವಿಚಾರಿಸಿ. ಸೀಸವಿರುವ ಈ ಬೊಂಬೆಗಳು ಮಕ್ಕಳ ಆಟಕ್ಕಲ್ಲ, ವಯಸ್ಕ ಸಂಗ್ರಾಹಕರಿಗೆ ಎಂಬುದು ನಿಜವಾದ ಸಂಗತಿಯಾದ್ದರಿಂದ, ಮಾರುವವರು ಅದನ್ನು ಬಿಲ್ಲಿನಲ್ಲೂ ಪಾರ್ಸಲಿನ ಮೇಲೂ ಸ್ಪಷ್ಟವಾಗಿ ಬರೆಯುವಂತೆ ಕೇಳಿಕೊಳ್ಳಿ. ವಸ್ತು ಯಾವ ವರ್ಗಕ್ಕೆ ಸೇರುತ್ತದೆಂಬ ತೀರ್ಮಾನ ಕಸ್ಟಮ್ಸ್ ಅಧಿಕಾರಿಗಳದು. ಬೆಲೆಯನ್ನು ಕಡಿಮೆ ಬರೆಸುವ ಆಮಿಷಕ್ಕೆ ಒಳಗಾಗಬೇಡಿ.

ಪ್ಯಾಕಿಂಗ್ ಬಗ್ಗೆಯೂ ಮಾರುವವರಿಗೆ ಒಂದು ಮಾತು ಹೇಳಿಬಿಡಿ. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಹೊಳಪು ಬಣ್ಣಕ್ಕೆ ತಾಗಿಸಿ ಸುತ್ತಿದರೆ, ಬಿಸಿಯಲ್ಲಿ ದಿನಗಟ್ಟಲೆ ಇದ್ದ ಮೇಲೆ ಪ್ರತಿ ಗುಳ್ಳೆಯ ಉಂಗುರವೂ ಬೊಂಬೆಯ ಮೇಲೆ ಮೂಡಿ ನಿಲ್ಲುತ್ತದೆ. ಮೊದಲು ಆಮ್ಲರಹಿತ ತೆಳುಕಾಗದ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್. ಹಳೆಯ ಪೆಟ್ಟಿಗೆಗಳೊಳಗಿನ ಸ್ಪಂಜನ್ನು ಬಂದ ಕೂಡಲೇ ತೆಗೆದುಬಿಡಿ, ಅದು ಕಾಲಾಂತರದಲ್ಲಿ ಕರಗಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಮಾತ್ರ ಎಸೆಯದಿರಿ. ಅದರ ರಟ್ಟೂ ಆಮ್ಲ ಬಿಡಬಹುದಾದ್ದರಿಂದ ಬೊಂಬೆಗಳಿಂದ ದೂರ, ಬೇರೆ ಕಪಾಟಿನಲ್ಲಿಡಿ.

ಪ್ರಶ್ನೆ: ನಾನೇ ಮನೆಯಲ್ಲಿ ಎರಕ ಹೊಯ್ದು ಇಂಥ ಸಿಪಾಯಿಗಳನ್ನು ಮಾಡಬಹುದೇ?
– ಡಿಪ್ಲೊಮಾ ವಿದ್ಯಾರ್ಥಿ, ಹೊಸಪೇಟೆ

ಉತ್ತರ: ಮಾಡಬಹುದು, ಸೀಸ ಬೇಡ. ತವರಕ್ಕೆ ಸ್ವಲ್ಪ ಆಂಟಿಮನಿ, ತಾಮ್ರ ಬೆರೆಸಿದ ಸೀಸರಹಿತ ಮಿಶ್ರಲೋಹ ಈಗ ಸಿಗುತ್ತದೆ. ಶುದ್ಧ ತವರ 232 ಡಿಗ್ರಿಗೆ ಕರಗಿದರೆ ಸೀಸಕ್ಕೆ 327 ಡಿಗ್ರಿ ಬೇಕು. ಮಿಶ್ರಲೋಹ ತೆಳುವಾಗಿ ಹರಿಯಲು ಕರಗುವ ಬಿಸಿಗಿಂತ ಇನ್ನೂ ಸ್ವಲ್ಪ ಹೆಚ್ಚು ಕಾಯಿಸಬೇಕಾಗುತ್ತದೆ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಅದು ಕ್ಷಣದಲ್ಲಿ ಆವಿಯಾಗಿ ಕರಗಿದ ಲೋಹವನ್ನು ಮುಖಕ್ಕೆ ಎರಚುತ್ತದೆ. ಆದ್ದರಿಂದ ಅಚ್ಚು ಪೂರ್ತಿ ಒಣಗಿರಬೇಕು, ಕನ್ನಡಕ, ಕೈಗವಸು, ಹತ್ತಿಯ ಉದ್ದ ತೋಳಿನ ಅಂಗಿ, ಮುಚ್ಚಿದ ಬೂಟು ಇರಲೇಬೇಕು, ಕೆಲಸ ತೆರೆದ ಗಾಳಿಯಲ್ಲಿ ನಡೆಯಬೇಕು, ಅಡುಗೆಯ ಪಾತ್ರೆ ಬಳಸಬಾರದು. ಕಾಲೇಜಿನ ಕಾರ್ಯಾಗಾರದಲ್ಲಿ ಗುರುಗಳ ಎದುರಿಗೆ ಮೊದಲ ಎರಕ ಹೊಯ್ಯಿರಿ. ಬೇರೆ ತಯಾರಕರ ಬೊಂಬೆಯಿಂದ ಅಚ್ಚು ತೆಗೆಯಬೇಡಿ, ನಿಮ್ಮದೇ ಮೂಲ ಬೊಂಬೆ ಮಾಡಿ. ಪೀಠದ ಕೆಳಗೆ ನಿಮ್ಮ ಹೆಸರು ಮತ್ತು ಇಸವಿಯನ್ನು ಅಚ್ಚಿನಲ್ಲೇ ಕೊರೆದಿಡುವುದನ್ನು ಮರೆಯದಿರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಪದ್ಧತಿಯಿದೆ. ಪಟ್ಟದ ಗೊಂಬೆಗಳ ಮುಂದೆ ಈ ಸಿಪಾಯಿಗಳನ್ನು ಮೆರವಣಿಗೆಯಂತೆ ನಿಲ್ಲಿಸಬಹುದೇ?
– ಗೃಹಿಣಿ, ನಂಜನಗೂಡು

ಉತ್ತರ: ಧಾರಾಳವಾಗಿ ನಿಲ್ಲಿಸಿ, ವಾದ್ಯವೃಂದದ ಸಿಪಾಯಿಗಳಿದ್ದರೆ ಅವರೇ ಮುಂದಿರಲಿ. ಮಕ್ಕಳ ಕೈಗೆ ಸಿಗದಂತೆ ಮೇಲಿನ ಮೆಟ್ಟಿಲಿನಲ್ಲಿ, ಬರಿ ಹಲಗೆಗೆ ತಾಗದಂತೆ ಒಗೆದ ಹತ್ತಿ ಬಟ್ಟೆಯ ಮೇಲೆ ಇಡಿ. ದೀಪದ ಕಾವು ಮತ್ತು ಎಣ್ಣೆಯ ಹೊಗೆ ದೂರವಿರಲಿ. ಅರಿಸಿನ, ಕುಂಕುಮ, ಒದ್ದೆ ಹೂವುಗಳನ್ನು ಇವುಗಳ ಮೇಲೆ ಏರಿಸಬೇಡಿ. ಪೂಜೆಯೆಲ್ಲ ಪಟ್ಟದ ಗೊಂಬೆಗಳಿಗೇ ಸಲ್ಲಲಿ. ಸಂಜೆ ಬಂದ ಮಕ್ಕಳಿಗೆ ಕೊಡುವ ಗೊಂಬೆ ಬಾಗಿನದ ತಟ್ಟೆಗಳನ್ನು ಈ ಮೆಟ್ಟಿಲಿನಿಂದ ದೂರ, ಬೇರೆಯೇ ಮೇಜಿನ ಮೇಲೆ ಇರಿಸಿಕೊಳ್ಳಿ.